ಮಾವನ ಮುಂದೆ ಒಂದು ಬಟ್ಟಲು ರಾಮೆನ್

ಕುರ್ಚಿ ಎತ್ತರದ್ದು, ಹತ್ತಿ ಕೂತರೆ ಕಾಲು ನೆಲಕ್ಕೆ ತಾಗುವುದಿಲ್ಲ. ಮಾವ ಒಂದು ಕೈಯಲ್ಲಿ ಪಂಚೆ ಹಿಡಿದು, ಇನ್ನೊಂದನ್ನು ನನ್ನ ಭುಜದ ಮೇಲಿಟ್ಟು ಹತ್ತಿ ಕೂತಿದ್ದಾರೆ. ಬೆಳಗಿನ ಜಾವ ನುಗ್ಗೇಹಳ್ಳಿ ಬಿಟ್ಟು, ಚನ್ನರಾಯಪಟ್ಟಣದಲ್ಲಿ ಬೆಂಗಳೂರು ಬಸ್ಸು ಹತ್ತಿ ಬಂದವರು. ಚಿಕ್ಕಪೇಟೆಯಲ್ಲಿ ಮದುವೆ ಜವಳಿ ಕೆಲಸ ಮುಗಿದಿದೆ. ಸೀರೆಗಳ ಚೀಲ ಇಡಲು ಜಾಗ ಕಾಣದೆ ತೊಡೆಯ ಮೇಲೇ ಇಟ್ಟುಕೊಂಡಿದ್ದಾರೆ. "ಎಲ್ಲಾದ್ರೂ ಮುದ್ದೆ ಸಿಕ್ತದೇನ್ಲಾ" ಎಂದವರನ್ನು ಈ ರಾಮೆನ್ ಅಂಗಡಿಗೆ ಎಳೆದು ತಂದದ್ದು ನನ್ನ ಹಟ.

ಎದುರಿಗೆ ಗೋಡೆ ಇಲ್ಲ, ಅಡುಗೆಮನೆಯೇ ಇದೆ. ನಮಗೂ ಒಲೆಗೂ ನಡುವೆ ಒಂದು ಮರದ ಹಲಗೆ ಅಷ್ಟೇ. ಅತ್ತ ಎರಡು ದೊಡ್ಡ ಪಾತ್ರೆ. ಒಂದರಲ್ಲಿ ಮೂಳೆಯ ರಸ, ಇನ್ನೊಂದರಲ್ಲಿ ಬರೀ ನೀರು. ನೀರಿನ ಪಾತ್ರೆಗೆ ಉದ್ದ ಹಿಡಿಯ ಜಾಲರಿ ಬುಟ್ಟಿಗಳು ಇಳಿಬಿದ್ದಿವೆ. ಹಬೆ ನೇರ ನಮ್ಮ ಮುಖಕ್ಕೇ ಬರುತ್ತಿದೆ. ಮಾವನ ಕನ್ನಡಕ ಮಂಜಾಗಿದೆ. ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಮತ್ತೆ ಮಂಜು.

"ರಾಮೆನ್ ಅಂದ್ರೆ ಅದೇ ಅಲ್ವಾ, ಮಕ್ಕಳು ಪೊಟ್ಟಣ ಒಡೆದು ಮಾಡ್ಕತವಲ್ಲ?"

ತಪ್ಪೇನಿಲ್ಲ. ನಮ್ಮ ಹಳ್ಳಿಗಳಿಗೆ ಈ ಹೆಸರು ಬಂದದ್ದೇ ಟಾಪ್ ರಾಮೆನ್ ಪೊಟ್ಟಣದ ಮೇಲೆ ಕೂತು. ಅದನ್ನು ಮಾಡುವ ನಿಸ್ಸಿನ್ ಕಂಪನಿಯ ಮೊಮೊಫುಕು ಆಂಡೊ 1958ರಲ್ಲಿ ಜಪಾನಿನಲ್ಲಿ ನೂಡಲ್ಸನ್ನು ಎಣ್ಣೆಯಲ್ಲಿ ಕರಿದು ಒಣಗಿಸಿ, ಬಿಸಿನೀರು ಸುರಿದರೆ ಸಾಕು ಎನ್ನುವಂತೆ ಮಾಡಿದ. ಆದರೆ ಅಂಗಡಿಯ ರಾಮೆನ್ ಅದಕ್ಕಿಂತ ಹಳೆಯದು. ಚೀನಾದ ಅಡುಗೆಯವರು ಜಪಾನಿನ ಬಂದರು ಪಟ್ಟಣಗಳಿಗೆ ತಂದ ನೂಡಲ್ಸ್ ಅದು. 1910ರಲ್ಲಿ ಟೋಕಿಯೊದ ಅಸಾಕುಸದಲ್ಲಿ ತೆರೆದ ರೈರೈಕೆನ್ ಎಂಬ ಅಂಗಡಿ ಅದನ್ನು ಕೂಲಿಯವರ, ಗುಮಾಸ್ತರ ಊಟ ಮಾಡಿತು. ನಾನು ಇದನ್ನೆಲ್ಲ ಹೇಳುತ್ತಿದ್ದರೆ ಮಾವನ ಕಣ್ಣು ಪಾತ್ರೆಯ ಮೇಲೆ.

"ಹಂದಿ ಬ್ಯಾಡ, ಕೋಳಿದು ಕೊಡಪ್ಪಾ," ಎಂದು ಅವರೇ ಒಲೆಯ ಬಳಿಯ ಹುಡುಗನಿಗೆ ಹೇಳಿಬಿಡುತ್ತಾರೆ.

ಈಗ ನೋಡಿ. ಖಾಲಿ ಬಟ್ಟಲಿಗೆ ಬಿಸಿನೀರು ಸುರಿದು, ಬಟ್ಟಲು ಕಾದ ಮೇಲೆ ಚೆಲ್ಲುತ್ತಾನೆ. ತಳಕ್ಕೆ ಒಂದು ಪುಟ್ಟ ಸೌಟು ಕಪ್ಪು ದ್ರವ. ಅದು ತಾರೆ. ಸೋಯಾ ಸಾಸಿನ ಉಪ್ಪು, ಖಾದ್ಯದ ರುಚಿಯ ಬುಡ ಅದರಲ್ಲಿದೆ. ರಸಕ್ಕೆ ಉಪ್ಪು ಹಾಕುವುದೇ ಇಲ್ಲ. ಅದರ ಮೇಲೆ ಪರಿಮಳದ ಎಣ್ಣೆ ಒಂದು ಚಮಚ. ಆಮೇಲೆ ಕೋಳಿ ಮೂಳೆಯ ರಸ. ಹಾಲಿನಷ್ಟು ಬಿಳುಪು, ಒಂದು ತೊಟ್ಟು ಹಾಲೂ ಇಲ್ಲ. ಮೂಳೆಯನ್ನು ಸಣ್ಣ ಉರಿಯಲ್ಲಿ ಬೇಯಿಸಿದರೆ ರಸ ತಿಳಿಯಾಗಿಯೇ ಉಳಿಯುತ್ತದೆ. ಗಂಟೆಗಟ್ಟಲೆ ಕೊತಕೊತ ಕುದಿಸಿದರೆ ಕೊಬ್ಬು, ಮೂಳೆಯ ಅಂಟು, ನೀರು ಮೂರೂ ಒಂದಾಗಿ ಬೆಳ್ಳಗಾಗುತ್ತವೆ.

ಅಷ್ಟರಲ್ಲಿ ಗಂಟೆ ಟಿಣ್ ಎನ್ನುತ್ತದೆ. ಬುಟ್ಟಿ ಎತ್ತಿ ಎರಡು ಸಲ ಜೋರಾಗಿ ಕೊಡವುತ್ತಾನೆ, ನೀರು ನೆಲಕ್ಕೆ ಹಾರುತ್ತದೆ. ನೀರು ಉಳಿದರೆ ರಸ ಸಪ್ಪೆ. ನೂಡಲ್ಸನ್ನು ಬಟ್ಟಲಿಗೆ ಜಾರಿಸಿ, ಕಡ್ಡಿಯಿಂದ ಒಮ್ಮೆ ಎತ್ತಿ ಮಡಚಿ ಮಲಗಿಸುತ್ತಾನೆ. ಕೋಳಿ ಚೂರು, ಅರ್ಧ ಮೊಟ್ಟೆ, ಈರುಳ್ಳಿ ಸೊಪ್ಪು, ಕಂದು ಬಣ್ಣದ ನಾಲ್ಕು ಪಟ್ಟಿ. ನೂಡಲ್ಸ್ ಬಿದ್ದಾಗಿನಿಂದ ಬಟ್ಟಲು ನಮ್ಮ ಮುಂದೆ ಬರುವವರೆಗೆ ಒಂದು ನಿಮಿಷವೂ ಆಗಿಲ್ಲ.

"ಸರ್, ಬಿಸಿ ಇದ್ದಾಗಲೇ ತಿನ್ಬಿಡಿ," ಎನ್ನುತ್ತಾನೆ ಹುಡುಗ.

ಮಾವ ಮೊದಲು ಹೆಕ್ಕಿದ್ದು ಆ ಕಂದು ಪಟ್ಟಿ. ಅಗಿದು, ನಿಂತು, ಮತ್ತೆ ಅಗಿದು ಹೇಳುತ್ತಾರೆ: "ಇದು ಕಳಲೆ ಕಣ್ಲಾ!" ಹೌದು, ಬಿದಿರ ಮೊಳಕೆಯೇ. ಸಕಲೇಶಪುರದ ಕಡೆಯವರು ಮಳೆಗಾಲದಲ್ಲಿ ನೀರು ಬದಲಿಸಿ ಬದಲಿಸಿ ಕಹಿ ತೆಗೆದು ಪಲ್ಯ ಮಾಡುವುದನ್ನೇ ಜಪಾನಿನವರು ಹುಳಿ ಬರಿಸಿ, ಒಣಗಿಸಿ, ಸೋಯಾದಲ್ಲಿ ಬೇಯಿಸಿ ಮೆನ್ಮಾ ಎನ್ನುತ್ತಾರೆ. ಮೊಟ್ಟೆ ಮಾತ್ರ ಅವರಿಗೆ ಒಪ್ಪಿಗೆಯಾಗಿಲ್ಲ. ಹಳದಿ ಇನ್ನೂ ಜಾರುತ್ತಿದೆ. ಬೆಂದಿಲ್ಲ ಎಂದು ನನ್ನ ಬಟ್ಟಲಿಗೆ ದಾಟಿಸುತ್ತಾರೆ. ನನಗೆ ಲಾಭ.

ಕಡ್ಡಿ ಬದಿಗಿಟ್ಟು ಫೋರ್ಕ್ ಹಿಡಿದರೂ ಎಳೆ ನಿಲ್ಲುತ್ತಿಲ್ಲ. ಪಕ್ಕದಲ್ಲಿ ಕೂತ ಹುಡುಗಿ ಬಟ್ಟಲಿಗೆ ಬಾಗಿ ಸೊರ್ ಎಂದು ಎಳೆಯುತ್ತಾಳೆ. ಮಾವ ಬೆಚ್ಚಿ ಅವಳತ್ತ ನೋಡಿ, ನನ್ನತ್ತ ನೋಡಿ, ತಾವೂ ಎಳೆಯುತ್ತಾರೆ. ಇಲ್ಲಿ ಅದಕ್ಕೆ ಯಾರೂ ಬೈಯುವುದಿಲ್ಲ. ಎಳೆಯ ಜೊತೆ ಗಾಳಿ ಹೋದರೆ ನಾಲಿಗೆ ಸುಡುವುದಿಲ್ಲ, ವಾಸನೆಯೂ ಬಾಯಿಂದ ಮೂಗಿಗೆ ಏರುತ್ತದೆ.

"ಶಾವಿಗೆ ಹಿಂಗೆ ಪುಟಿಯಲ್ಲ," ಎನ್ನುತ್ತಾರೆ.

ಅವರ ಮನೆಯ ಒತ್ತು ಶಾವಿಗೆ ನನಗೂ ಗೊತ್ತು. ಕುದಿಯುವ ನೀರಿಗೆ ಅಕ್ಕಿ ಹಿಟ್ಟು ಹಾಕಿ ಮುದ್ದೆ ತಿರುವಿ, ಉಂಡೆ ಕಟ್ಟಿ, ಉಂಡೆಯನ್ನು ಮತ್ತೆ ಬೇಯಿಸಿ, ಕೈ ಸುಡುತ್ತಿರುವಾಗಲೇ ಮೂರು ಕಾಲಿನ ಶಾವಿಗೆ ಒರಳಿಗೆ ತುರುಕಬೇಕು. ಅತ್ತೆ ಒರಳಿನ ಕಾಲನ್ನು ಪಾದದಲ್ಲಿ ಒತ್ತಿ ಹಿಡಿದರೆ, ಮಾವ ಹಿಡಿ ತಿರುಗಿಸುತ್ತಾರೆ. ಕೆಳಗೆ ತಟ್ಟೆ ತಿರುಗಿಸುವುದು ಮಕ್ಕಳ ಕೆಲಸ. ಉಂಡೆ ಆರಿತೋ, ಒರಳು ಅಲ್ಲಾಡುವುದಿಲ್ಲ. ಅಕ್ಕಿಯಲ್ಲಿ ಗೋದಿಯ ಅಂಟು ಇಲ್ಲ. ಅದಕ್ಕೇ ಮೊದಲು ಬೇಯಿಸಿ ಆಮೇಲೆ ಎಳೆ ತೆಗೆಯಬೇಕು. ರಾಮೆನ್ ಉಲ್ಟಾ: ಹಸಿ ಗೋದಿ ಹಿಟ್ಟಿನಿಂದ ಎಳೆ ತೆಗೆದು ಆಮೇಲೆ ಬೇಯಿಸುತ್ತಾರೆ. ಹಿಟ್ಟಿಗೆ ಕಲಸುವ ನೀರಿನಲ್ಲಿ ಕಾನ್ಸುಯಿ ಎಂಬ ಕ್ಷಾರ ಇರುತ್ತದೆ, ಸೋಡಿಯಂ ಮತ್ತು ಪೊಟ್ಯಾಸಿಯಂ ಕಾರ್ಬೊನೇಟು. ಎಳೆಯ ಹಳದಿ ಬಣ್ಣ, ಹಲ್ಲಿಗೆ ಎದುರು ನಿಲ್ಲುವ ಪುಟಿತ ಎರಡೂ ಅದರದ್ದೇ.

"ಹಪ್ಪಳದ ಖಾರ ಹಾಕವ್ರೆ ಅನ್ನು," ಎನ್ನುತ್ತಾರೆ ಮಾವ. ನಾನು ಇಷ್ಟುದ್ದ ಹೇಳಿದ್ದು ಅವರಿಗೆ ಮೂರು ಮಾತಿನಲ್ಲಿ ಮುಗಿಯಿತು.

ಆದರೆ ದೊಡ್ಡ ವ್ಯತ್ಯಾಸ ಬೇರೆ ಇದೆ. ಶಾವಿಗೆ ಕಾಯುತ್ತದೆ. ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಸ್ಥಾನ ನೋಡಲು ಹೋದ ನೆಂಟರು ಮೂರು ಗರ್ಭಗುಡಿಗೂ ಕೈಮುಗಿದು, ಶಿಲ್ಪಿಗಳಾದ ಬೈಚೋಜ, ಮಲ್ಲಿತಮ್ಮರ ಕೆತ್ತನೆಗಳನ್ನು ಸುತ್ತು ಹಾಕಿ ಮಧ್ಯಾಹ್ನ ಮೂರಕ್ಕೆ ಬಂದರೂ ಶಾವಿಗೆ ತಟ್ಟೆಯಲ್ಲಿ ಹಾಗೇ ಇರುತ್ತದೆ. ಆಗ ಕಾಯಿಹಾಲು ಸುರಿದರಾಯಿತು, ಇಲ್ಲವೇ ನಾಟಿಕೋಳಿ ಸಾರು. ಎರಡನೇ ಸಲ, ಮೂರನೇ ಸಲ ಬಡಿಸಬಹುದು, ಬೇಡ ಎಂದವರಿಗೂ ಬಡಿಸಬಹುದು. ರಾಮೆನ್ ಯಾರಿಗೂ ಕಾಯುವುದಿಲ್ಲ. ರಸದಲ್ಲಿ ಬಿದ್ದ ಎಳೆ ನೀರು ಹೀರಿ ನಿಮಿಷ ನಿಮಿಷಕ್ಕೂ ಮೆತ್ತಗಾಗುತ್ತದೆ. ಎತ್ತರದ ಕುರ್ಚಿ, ಕಿರಿದಾದ ಹಲಗೆ, ಮಾತಿಲ್ಲದ ಊಟ, ತಿಂದ ಕೂಡಲೇ ಎದ್ದು ಹೋಗುವುದು, ಎಲ್ಲ ಅದಕ್ಕಾಗಿ. ಜಪಾನಿನ ಫುಕುಒಕಾದ ಇಚಿರಾನ್ ಅಂಗಡಿಗಳಲ್ಲಂತೂ ಒಬ್ಬೊಬ್ಬರಿಗೂ ಎರಡು ಕಡೆ ಹಲಗೆಯ ಅಡ್ಡ ಹಾಕಿ ಕೂರಿಸುತ್ತಾರೆ. ಅದೇ ಊರಿನ ಹಕಾತ ರಾಮೆನ್‌ನ ಎಳೆ ತೀರಾ ಸಣ್ಣದು, ಬೇಗ ಹಾಳಾಗುವಂಥದ್ದು. ಹಾಗಾಗಿ ಒಂದೇ ಸಲ ತುಂಬ ಹಾಕುವುದಿಲ್ಲ. ಕಾಯೆದಾಮಾ ಎಂದು ಕೂಗಿದರೆ ಉಳಿದ ರಸಕ್ಕೆ ಇನ್ನೊಂದು ಹಿಡಿ ಬಿಸಿ ನೂಡಲ್ಸ್ ಬೀಳುತ್ತದೆ.

ಈ ಅಂಗಡಿಯಲ್ಲೂ ಅದುಂಟು. "ಇನ್ನೊಂದ್ಸಲ ಹಾಕ್ಸು," ಎನ್ನುತ್ತಾರೆ ಮಾವ, ಪಂಕ್ತಿಯಲ್ಲಿ ಕೂತವರ ದರ್ಪದಲ್ಲಿ. ನೂಡಲ್ಸ್ ಬೀಳುತ್ತದೆ, ಈ ಸಲ ಫೋರ್ಕ್ ಕೇಳುವುದಿಲ್ಲ. ಬಟ್ಟಲನ್ನೇ ಎತ್ತಿ ರಸ ಕುಡಿದು, ಅಂಟಿದ ತುಟಿ ಒರೆಸಿಕೊಳ್ಳುತ್ತಾರೆ. ಸೀರೆಯ ಚೀಲಕ್ಕೆ ಒಂದು ತೊಟ್ಟು ಬಿದ್ದಿದೆ, ಅತ್ತೆಗೆ ಹೇಳಬಾರದು.

ಬಿಲ್ಲು ನೋಡಿದ ಮೇಲೆ ಲೆಕ್ಕ ತೆಂಗಿನಕಾಯಿಯಲ್ಲಿ ನಡೆಯುತ್ತದೆ. "ರುಚಿ ಚೆನ್ನಾಗದೆ. ಆದ್ರೆ ಒಬ್ಬನ ಊಟಕ್ಕೆ ಒಂದು ಮರದ ಕಾಯಿ ಹೋಯ್ತಲ್ಲೋ." ಈ ಕಡೆಯ ತೀರ್ಪಿನಲ್ಲಿ ನಾನೂ ಅರ್ಧ ಅವರ ಪಕ್ಷ. ಕೂಲಿಯವರ ಊಟವಾಗಿ ಹುಟ್ಟಿದ್ದು ಬೆಂಗಳೂರಿಗೆ ಬರುವಷ್ಟರಲ್ಲಿ ಸಂಬಳದ ದಿನದ ಊಟವಾಗಿದೆ.

ಆದರೂ ಒಮ್ಮೆ ಹೋಗಿ. ಕವನ್ ಕುಟ್ಟಪ್ಪ 2022ರಲ್ಲಿ ತೆರೆದ ನಾರು ನೂಡಲ್ ಬಾರ್‌ನಂಥ ಜಾಗಗಳಿಗೆ ಮೊದಲೇ ಕಾದಿರಿಸಿಕೊಂಡು ಹೋಗಬೇಕು. ಹೋಗುವಾಗ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಹೋಗಬೇಡಿ, ಒಬ್ಬರೇ ಹೋಗಿ, ಹೆಚ್ಚೆಂದರೆ ಇಬ್ಬರು. ಒಲೆಯ ಎದುರಿನ ಜಾಗವನ್ನೇ ಕೇಳಿ. ಫೋಟೊ ತೆಗೆಯುವುದಿದ್ದರೆ ಒಂದೇ ತೆಗೆದು ಫೋನು ಜೇಬಿಗೆ ಹಾಕಿ. ಬಟ್ಟಲು ಮುಂದೆ ಬಂದ ಮೇಲೆ ನಿಮ್ಮ ಕೈಯಲ್ಲಿರುವುದು ಹತ್ತೇ ನಿಮಿಷ.