ಹಿತ್ತಲ ಕರಿದುಂಬಿ

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಹೊರಟುಹೋಗುತ್ತದೆ ಅನ್ನುತ್ತಾರೆ. ನಮ್ಮ ರಾಬರ್ಟ್‌ಸನ್‌ಪೇಟೆಯಲ್ಲಿ ಅದು ಅಷ್ಟು ಸುಲಭಕ್ಕೆ ಹೊರಡುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದ ಬಯಲುಸೀಮೆ ಇದು. ಹಬ್ಬ ಕಳೆದರೂ ಬೆಳಗಿನ ಜಾವಕ್ಕೆ ಹೊದಿಕೆ ಎಳೆದುಕೊಳ್ಳಬೇಕು. ಹಾಗಾಗಿ ನಾನು ಪಂಚಾಂಗಕ್ಕಿಂತ ಹಿತ್ತಲ ನುಗ್ಗೆಮರವನ್ನು ಹೆಚ್ಚು ನಂಬುತ್ತೇನೆ. ಬಿಸಿಲು ಚುರುಕಾದ ಮೇಲೆ, ಹೆಬ್ಬೆರಳ ತುದಿಯಷ್ಟು ದಪ್ಪದ ಕರಿದುಂಬಿಯೊಂದು ಗುಂಯ್ ಎಂದು ಬಂದು ಎರಗಿ, ಅದರ ಭಾರಕ್ಕೆ ಹೂಗೊಂಚಲು ಜಗ್ಗಿತೆಂದರೆ ನನ್ನ ಪಾಲಿಗೆ ಚಳಿಗಾಲ ಮುಗಿದಂತೆ. ಅದರ ರೆಕ್ಕೆಯ ಮೇಲೆ ಬಿಸಿಲು ಬಿದ್ದಾಗ ಕಪ್ಪಿನೊಳಗಿಂದ ನೀಲಿ, ನೇರಳೆ ಎದ್ದು ಬರುತ್ತವೆ. ಕೈಯಲ್ಲಿದ್ದ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಚಳಿಗಾಲದಲ್ಲಿ ಅದು ಊರು ಬಿಟ್ಟು ಹೋಗಿರುವುದಿಲ್ಲ. ಒಣಮರದಲ್ಲೋ ಬೊಂಬಿನಲ್ಲೋ ಕೊರೆದ ಸುರಂಗದೊಳಗೆ ಇರುತ್ತದೆ. ದೊಡ್ಡ ಮೈ, ಹಾರಬೇಕಾದರೆ ಎದೆಯ ಸ್ನಾಯುಗಳು ಕಾಯಬೇಕು. ತಣ್ಣನೆಯ ಬೆಳಗಿನಲ್ಲಿ ನಡುಗಿ ನಡುಗಿ ಮೈ ಬಿಸಿಮಾಡಿಕೊಂಡೇ ಹೊರಗೆ ಕಾಲಿಡುತ್ತದೆ. ನುಗ್ಗೆ, ಗೊಬ್ಬರದ ಗಿಡ, ಆಮೇಲೆ ಹೊಂಗೆ ಒಂದರ ಹಿಂದೊಂದು ಹೂಬಿಡುವ ಈ ತಿಂಗಳುಗಳಲ್ಲಿ ಅದಕ್ಕೆ ಕೈತುಂಬ ಕೆಲಸ.

ಇಂಗ್ಲೆಂಡಿನ ತೋಟಗಳಲ್ಲಿ ಜನ ಹೀಗೆ ಕಾಯುವುದು ಬಂಬಲ್‌ಬೀ ಎಂಬ ರೋಮಶ ದುಂಬಿಗೆ. ಅಲ್ಲಿ ಚಳಿ ಬಂತೆಂದರೆ ಗೂಡಿಗೆ ಗೂಡೇ ಸಾಯುತ್ತದೆ. ಹೊಸ ರಾಣಿಯರು ಮಾತ್ರ ಮಣ್ಣಿನೊಳಗೆ ಒಬ್ಬೊಬ್ಬರೇ ನಿದ್ದೆಹೋಗಿ, ವಸಂತದ ಮೊದಲ ಹೂಗಳಿಗೆ ಎದ್ದುಬರುತ್ತಾರೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಯ ಕೋಲಾರ ಚಿನ್ನದ ಗಣಿ, ಅಂದರೆ ಕೆಜಿಎಫ್, ಕೈಗೆತ್ತಿಕೊಂಡ ಮೇಲೆ ಬಂದ ಇಂಗ್ಲಿಷರು ಬಂಗಲೆ ಕಟ್ಟಿ, ಹೂದೋಟ ಹಾಕಿ, ಕ್ಲಬ್ಬು, ಗಾಲ್ಫ್ ಮೈದಾನ ಮಾಡಿಕೊಂಡು ಕೆಜಿಎಫ್‌ಗೆ ‘ಲಿಟಲ್ ಇಂಗ್ಲೆಂಡ್’ ಎಂಬ ಹೆಸರು ತಂದರು. ಆದರೆ ಬಂಬಲ್‌ಬೀ ಇಲ್ಲಿ ಇರಲಿಲ್ಲ. ಭಾರತದಲ್ಲಿ ಅದರ ನೆಲೆ ಹಿಮಾಲಯ ಮತ್ತು ಈಶಾನ್ಯದ ತಂಪು ಬೆಟ್ಟಗಳು. ನ್ಯೂಜಿಲೆಂಡಿಗೆ ಹೋದ ಇಂಗ್ಲಿಷರು ತಮ್ಮ ದನಗಳ ಮೇವಿನ ಕೆಂಪು ಕ್ಲೋವರ್ ಬೀಜ ಕಟ್ಟುತ್ತಿಲ್ಲವೆಂದು 1885ರಲ್ಲಿ ಹಡಗಿನಲ್ಲಿ ಬಂಬಲ್‌ಬೀಗಳನ್ನು ತರಿಸಿಕೊಂಡರು. ನಮ್ಮ ಬಯಲಿಗೆ ಅಂಥ ಅಗತ್ಯ ಬೀಳಲಿಲ್ಲ. ಪರಾಗ ಸಾಗಿಸುವ ಆ ಕೆಲಸಕ್ಕೆ ನಮ್ಮ ಕರಿದುಂಬಿ, ಮರ ಕೊರೆಯುವ ಈ ಬಡಗಿ ದುಂಬಿ, ಇಲ್ಲಿ ಮೊದಲೇ ಇತ್ತು.

ಅದರ ಬಡಗಿತನವನ್ನು ನನಗೆ ಸರಿಯಾಗಿ ತೋರಿಸಿಕೊಟ್ಟವರು ಪಕ್ಕದ ಬೀದಿಯ ತಾತ. ಚಾಂಪಿಯನ್ ರೀಫ್ ಗಣಿಯಲ್ಲಿ ನೆಲದಡಿ ದುಡಿದವರು. ನಮ್ಮ ಅವರೆ ಚಪ್ಪರದ ಬೊಂಬಿನಲ್ಲಿದ್ದ ತೂತಿನ ಸುತ್ತ ಬೆರಳಾಡಿಸಿ, “ನೋಡಮ್ಮ, ಅಳತೆ ಎಲ್ಲೂ ತಪ್ಪಿಲ್ಲ. ಯಾವ ಡ್ರಿಲ್ಲು ಕೊಟ್ಟಿದ್ರು ಇದಕ್ಕೆ?” ಎಂದರು. ಕೆಳಗೆ ಸಣ್ಣ ಹೊಟ್ಟಿನ ರಾಶಿ ಬಿದ್ದಿತ್ತು. ಮರವನ್ನು ಅದು ತಿನ್ನುವುದಿಲ್ಲ; ಕೊರೆದು ಹೊರಗೆ ಹಾಕುತ್ತದೆ. ಸುರಂಗದ ಕೊನೆಯಲ್ಲಿ ಪರಾಗ, ಮಕರಂದ ಕಲಸಿದ ಮುದ್ದೆಯಿಟ್ಟು, ಅದರ ಮೇಲೊಂದು ಮೊಟ್ಟೆಯಿಟ್ಟು, ಹೊಟ್ಟಿನಿಂದಲೇ ಗೋಡೆ ಕಟ್ಟುತ್ತದೆ. ಆಮೇಲೆ ಮುಂದಿನ ಕೋಣೆ, ಇನ್ನೊಂದು ಮುದ್ದೆ, ಇನ್ನೊಂದು ಮೊಟ್ಟೆ. ಹಳೆಯ ಸುರಂಗವನ್ನು ಸುಮ್ಮನೆ ಬಿಟ್ಟುಕೊಡುವುದೂ ಇಲ್ಲ. ತಾಯಿ ಕೊರೆದದ್ದರಲ್ಲಿ ಮಗಳು ಮತ್ತೆ ಸಂಸಾರ ಹೂಡುವುದುಂಟು. ತಾತ ಇದನ್ನೆಲ್ಲ ಕೇಳಿ ಬಹಳ ಹೊತ್ತು ಆ ತೂತನ್ನೇ ನೋಡುತ್ತಾ ನಿಂತರು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ನಮ್ಮ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅವರ ಮನೆಯಲ್ಲಿ ತಂದೆ ಇಳಿದ ಶಾಫ್ಟಿನಲ್ಲೇ ಮಗನೂ ಇಳಿದಿದ್ದ.

ಈ ಕುಟುಂಬದ ದುಂಬಿಗಳಲ್ಲಿ ರಾತ್ರಿಪಾಳಿಯವೂ ಇವೆ. ಮಹಾರಾಷ್ಟ್ರದ ಭೀಮಾಶಂಕರ ಕಾಡಿನಲ್ಲಿ ವಿಜ್ಞಾನಿ ಹೇಮಾ ಸೋಮನಾಥನ್ ಮತ್ತು ಸಂಗಡಿಗರು ಅಧ್ಯಯನ ಮಾಡಿದ ಒಂದು ಬಗೆ ಚಂದ್ರನಿಲ್ಲದ ಇರುಳಿನಲ್ಲೂ ಹೂವು ಹುಡುಕಿ ಹೋಗುತ್ತದೆ. ಇದನ್ನು ಹೇಳಿದಾಗ ತಾತನ ಮುಖ ಅರಳಿತು.

ಜನಕ್ಕೆ ಇದರ ಭಯ ಜಾಸ್ತಿ. ಎದುರುಮನೆ ಹುಡುಗಿ, “ಅಕ್ಕಾ, ಮುಖಕ್ಕೇ ಬರುತ್ತೆ, ಓಡಿಸಿ” ಎಂದು ಕೂಗುತ್ತಾಳೆ. ಹಾಗೆ ಮುಖದೆದುರು ಗಾಳಿಯಲ್ಲಿ ನಿಂತು ದುರುಗುಟ್ಟುವುದು ಸಾಮಾನ್ಯವಾಗಿ ಗಂಡು, ತನ್ನ ಜಾಗ ಕಾಯುವ ಗಂಡು. ಅದಕ್ಕೆ ಕೊಂಡಿಯೇ ಇಲ್ಲ. ಹೆಣ್ಣಿಗೆ ಇದೆ, ಆದರೆ ಹಿಡಿದು ಹಿಸುಕದ ಹೊರತು ಅದು ಚುಚ್ಚುವ ಗೋಜಿಗೆ ಹೋಗುವುದಿಲ್ಲ. ಕೋಲಾರದ ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿಗೆ ಕೈಮುಗಿದು ಬರುವ ಜಿಲ್ಲೆ ನಮ್ಮದು. ಕುಟುಕುವ ಚೇಳಿಗೇ ಗುಡಿಯೊಳಗೆ ಜಾಗ ಕೊಟ್ಟವರು ಈ ದುಂಬಿಗೆ ಹಿತ್ತಲಲ್ಲಿ ಒಂದು ಬೊಂಬು ಕೊಡಲಾರೆವೇ?

ಕೊಡುವುದರಲ್ಲಿ ನಮ್ಮ ಲಾಭವೂ ಇದೆ. ಬದನೆ ಹೂವಿನ ಪರಾಗ ಹಳದಿ ಕೇಸರದ ಕೊಳವೆಯೊಳಗೆ ಕೂಡಿಹಾಕಿಕೊಂಡಿರುತ್ತದೆ. ಹೊರಬರಲು ತುದಿಯಲ್ಲಿ ಒಂದು ಸಣ್ಣ ಕಿಂಡಿ ಮಾತ್ರ. ದುಂಬಿ ಹೂವನ್ನು ತಬ್ಬಿ ಹಿಡಿದು, ರೆಕ್ಕೆ ಬಡಿಯದೆ, ಎದೆಯ ಸ್ನಾಯುಗಳನ್ನಷ್ಟೇ ಅದುರಿಸುತ್ತದೆ. ಪರಾಗ ಅದರ ಹೊಟ್ಟೆಯ ಮೇಲೆ ಉದುರುತ್ತದೆ. ಬದನೆ ಸಾಲಿನ ಪಕ್ಕ ಕೂತು ಕೇಳಿ: ಹಾರುವಾಗ ತಗ್ಗಿದ ದನಿ, ಹೂವಿಗೆ ಕೂತೊಡನೆ ಏರುವ ದನಿ. ಜೇನುಹುಳುವಿಗೆ ಈ ವಿದ್ಯೆ ಬಾರದು. ಟೊಮೆಟೊ ಹೂವಿಗೂ ಇಂಥದೇ ಅದುರು ಬೇಕು. ಬಯಲಲ್ಲಾದರೆ ಗಾಳಿಯೂ ಅಷ್ಟಿಷ್ಟು ಆ ಕೆಲಸ ಮಾಡುತ್ತದೆ. ಗಾಳಿಯಾಡದ ಗಾಜಿನ ಮನೆಗಳಲ್ಲಿ ಟೊಮೆಟೊ ಬೆಳೆಯುವ ಹಾಲೆಂಡ್, ಬೆಲ್ಜಿಯಂನವರು ಹಿಂದೆ ಆಳುಗಳಿಂದ ಒಂದೊಂದೇ ಗೊಂಚಲನ್ನು ಯಂತ್ರದ ಕಡ್ಡಿಯಲ್ಲಿ ಅದುರಿಸುತ್ತಿದ್ದರು. 1980ರ ದಶಕದ ಕೊನೆಯಿಂದ ಪೆಟ್ಟಿಗೆಯಲ್ಲಿ ಸಾಕಿದ ಬಂಬಲ್‌ಬೀ ಗೂಡುಗಳನ್ನು ದುಡ್ಡುಕೊಟ್ಟು ಕೊಳ್ಳತೊಡಗಿದರು. ಲಾರಿಗಟ್ಟಲೆ ಟೊಮೆಟೊ ಕೋಲಾರದ ಎಪಿಎಂಸಿಗೆ ಕಳಿಸುವ ನಮ್ಮ ಸೀಮೆಗೆ ಇಂಥ ನೆರವು ಬೇಲಿಯಿಂದಲೇ ಬಿಟ್ಟಿಯಾಗಿ ಹಾರಿಬರುತ್ತದೆ.

ಬೇಲಿಯೇ ಹೋದರೆ? ನನ್ನ ಆತಂಕ ಇದು. ಗಣಿಯ ಶುರುವಿನ ಕಾಲದಲ್ಲಿ ಕಾರ್ಮಿಕರ ಲೈನುಗಳಲ್ಲಿ ಬಿದಿರು ತಟ್ಟಿಯ ಮನೆಗಳಿದ್ದವು. ಆಮೇಲೂ ಚಪ್ಪರ, ದನದ ಕೊಟ್ಟಿಗೆ, ಮರದ ತೊಲೆ ಎಂದು ದುಂಬಿಗೆ ಎಲ್ಲೋ ಒಂದು ಕಡೆ ಆಸರೆಯಿತ್ತು. ಈಗ ಹಿತ್ತಲಿಗೆ ಸಿಮೆಂಟು, ಕಾಂಪೌಂಡಿಗೆ ಇಟ್ಟಿಗೆ, ಚಪ್ಪರಕ್ಕೆ ಕಬ್ಬಿಣದ ಪೈಪು. ತೂತು ಕಂಡಲ್ಲಿ ಡಾಂಬರು ಮೆತ್ತುತ್ತಾರೆ. ಇನ್ನೊಂದು ಕಡೆ ಗಣಿ ಬಿಟ್ಟುಹೋದ, ಮೂರು ಕೋಟಿ ಟನ್ನಿಗೂ ಮಿಕ್ಕ ಮಣ್ಣಿನ ಸೈನೈಡ್ ದಿಬ್ಬಗಳಿವೆ. ಬೇಸಿಗೆಯ ಗಾಳಿಗೆ ಅವುಗಳ ಧೂಳು ಬೀದಿಬೀದಿಗೆ ಹರಡುತ್ತದೆ. ಇಂಥ ಊರಿನಲ್ಲಿ ಒಂದು ಹೊಂಗೆಮರ, ಒಂದು ತೊಗರಿ ಬೇಲಿ ಎಂದರೆ ಸಣ್ಣ ಆಸ್ತಿಯಲ್ಲ.

ಯುಗಾದಿಗೆ ಮನೆ ಚೊಕ್ಕಟ ಮಾಡುವವರಲ್ಲಿ ನನ್ನದೊಂದು ಬೇಡಿಕೆ. ಮನೆಯ ತೊಲೆಗೆ ದುಂಬಿ ಬರಬಾರದೆಂದಿದ್ದರೆ ಬಣ್ಣ ಬಳಿಯಿರಿ; ಬಣ್ಣ ಬಳಿದ ಮರವನ್ನು ಅದು ಅಷ್ಟಾಗಿ ಮುಟ್ಟುವುದಿಲ್ಲ. ಹಿತ್ತಲ ಮೂಲೆಯ ಒಣ ಬೊಂಬು, ನುಗ್ಗೆಯ ಸತ್ತ ಕೊಂಬೆ ಮಾತ್ರ ಒಲೆಗೆ ಹೋಗದಿರಲಿ. ಬೇಲಿಯುದ್ದಕ್ಕೂ ತೊಗರಿ ಬೀಜ ಊರಿ. ಬದನೆಗೆ ಔಷಧಿ ಹೊಡೆಯಲೇಬೇಕಾದರೆ ಹೂವಿನ ಮೇಲೆ ದುಂಬಿ ಇರುವ ಹೊತ್ತು ಬಿಟ್ಟು, ಸಂಜೆ ಹೊಡೆಯಿರಿ. ತಾತ ಈಗಾಗಲೇ ತಮ್ಮ ಹಿತ್ತಲಲ್ಲಿ ಬೊಂಬಿನ ಒಂದು ಕಟ್ಟು ಅಡ್ಡಲಾಗಿ ತೂಗುಹಾಕಿದ್ದಾರೆ, ನೀವೂ ಹಾಕಿ.