ಕೂಗಬೇಡಿ, ಪಿಸುಗುಡಿ

ವಿಜಯಪುರಕ್ಕೆ ಹೋಗಿ ಬಂದವರನ್ನು ಏನು ನೋಡಿದಿರಿ ಎಂದು ಕೇಳಿ. ‘ಗೋಳಗುಮ್ಮಟ’ ಎನ್ನುತ್ತಾರೆ. ಅಲ್ಲೇನು ಮಾಡಿದಿರಿ ಎಂದರೆ, ‘ಕೂಗಿದೆವು, ಏಳೆಂಟು ಸಲ ಕೇಳಿಸಿತು’ ಎನ್ನುತ್ತಾರೆ. ಅಷ್ಟಕ್ಕೇ ಬಸ್ಸು ಹತ್ತಿ ಬಾದಾಮಿಯ ದಾರಿ ಹಿಡಿದಿರುತ್ತಾರೆ. ಸುಮಾರು ಇನ್ನೂರು ವರ್ಷ ಆದಿಲ್‌ಶಾಹಿಗಳ ರಾಜಧಾನಿಯಾಗಿದ್ದ ಊರಿಗೆ ಒಂದೂವರೆ ಗಂಟೆ!

ಬ್ಯಾಂಕಿನ ವರ್ಗಾವಣೆಯ ದೆಸೆಯಿಂದ ಹಳೇ ಮೈಸೂರು ಕಡೆಯವನಾದ ನಾನು ಆ ಊರಲ್ಲಿ ನಾಲ್ಕು ವರ್ಷ ಇದ್ದೆ. ಆಗ ಅದಿನ್ನೂ ಬಿಜಾಪುರ. ವಿಜಯಪುರ ಎಂದು ಅಧಿಕೃತವಾಗಿ ಹೆಸರಾದದ್ದು 2014ರಲ್ಲಿ. ರಜೆ ಬಂತೆಂದರೆ ನೆಂಟರ ದಂಡು ಇಳಿಯುತ್ತಿತ್ತು. ಅವರನ್ನೆಲ್ಲ ಟಾಂಗಾದಲ್ಲಿ ಸುತ್ತಿಸುವುದು ಭಾನುವಾರದ ನನ್ನ ಡ್ಯೂಟಿ. ಹಾಗಾಗಿ ಊರು ನೋಡುವ ವಿಷಯದಲ್ಲಿ ನನಗೆ ಒಂದೆರಡು ಗಟ್ಟಿ ಅಭಿಪ್ರಾಯಗಳಿವೆ.

ಮೊದಲನೆಯದು, ಗೋಳಗುಮ್ಮಟಕ್ಕೆ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಬೇಕು. ಕೆಲವು ವರ್ಷಗಳ ಹಿಂದೆ ಮನೆಯಾಕೆ ಮತ್ತು ಮೊಮ್ಮಗಳ ಜೊತೆ ಹೋದಾಗ, ರೈಲು ತಡವಾಗಿ ನಾವು ಗುಮ್ಮಟ ತಲುಪಿದ್ದು ಹನ್ನೊಂದು ಗಂಟೆಗೆ. ಮೂರು ಶಾಲೆಯ ಮಕ್ಕಳು ಒಟ್ಟಿಗೇ ಬಂದಿದ್ದರು. ಸಿಳ್ಳೆ, ಕೇಕೆ, ಚಪ್ಪಾಳೆ. ಒಂದೊಂದು ಕೂಗೂ ಗುಮ್ಮಟದೊಳಗೆ ಹತ್ತಾಗಿ ತಿರುಗಿ ಬರುತ್ತಿತ್ತು. ನಮ್ಮಾಕೆಗೆ ಕಿವಿ ಮಂದ. ಯಂತ್ರ ಹಾಕಿಕೊಂಡವರಿಗೆ ಇಂಥ ಗದ್ದಲ ಎಂದರೆ ತಲೆಯೊಳಗೆ ತಗಡು ಬಡಿದಂತೆ. ಆಕೆ ಯಂತ್ರ ಕಿತ್ತು ಚೀಲಕ್ಕೆ ಹಾಕಿಕೊಂಡು, ‘ನೀವು ನೋಡಿಕೊಂಡು ಬನ್ನಿ’ ಎಂದು ಕೆಳಗೇ ಕೂತುಬಿಟ್ಟಳು. ಕಿವಿ ಮಂದವಾದ ಮೇಲೆ ಮದುವೆ ಮನೆಗಳಲ್ಲಿ, ಮಕ್ಕಳ ಮಾತಿನ ನಡುವೆ ಆಕೆ ಹೀಗೆಯೇ ಬದಿಗೆ ಸರಿದು ಕೂರುವುದು ರೂಢಿಯಾಗಿತ್ತು. ನನಗೆ ಅದು ಹಿಡಿಸುತ್ತಿರಲಿಲ್ಲ. ಅವತ್ತು ಯಾರೂ ಮೇಲೆ ಹತ್ತಲಿಲ್ಲ.

ಮರುದಿನ ಬೆಳಗಿನ ಜಾವವೇ ಟಾಂಗಾ ಕಟ್ಟಿಸಿದೆ. ಟಾಂಗಾದವನೂ ಅದನ್ನೇ ಹೇಳಿದ: ‘ಒದರಾಕ ಹೋಗಬ್ಯಾಡ್ರೀ ಸಾಹೇಬ್ರ. ಪಿಸುಮಾತಿಗೆ ಕಟ್ಯಾರ ಅನ್ಕೋರಿ ಇದನ್ನ.’

ನಾಲ್ಕು ಮೂಲೆಗಳಲ್ಲೂ ಏಳಂತಸ್ತಿನ ಎಂಟು ಮೂಲೆಯ ಗೋಪುರಗಳು. ಅದರ ಇಕ್ಕಟ್ಟು ಮೆಟ್ಟಿಲನ್ನು ಅಲ್ಲಲ್ಲಿ ಕೂತು, ಮಂಡಿ ಉಜ್ಜಿಕೊಂಡು ಹತ್ತಿದೆವು. ಮೇಲೆ ಗುಮ್ಮಟದ ಒಳಸುತ್ತಿಗೆ ಬಂದು ಕೆಳಗೆ ನೋಡಿದರೆ ಎದೆ ಝಲ್ಲೆನ್ನುತ್ತದೆ. ನಡುವೆ ಒಂದೇ ಒಂದು ಕಂಬವಿಲ್ಲ. ಕೆಳಗಿನ ಚೌಕ ಕೋಣೆಯ ಮೇಲೆ ದುಂಡು ಗುಮ್ಮಟ ಕೂರಬೇಕಲ್ಲ, ಅದಕ್ಕೆ ಒಂದನ್ನೊಂದು ಕತ್ತರಿಸಿ ಹಾಯುವ ಎಂಟು ಕಮಾನುಗಳನ್ನು ಎಬ್ಬಿಸಿ ಚೌಕವನ್ನು ದುಂಡಕ್ಕೆ ತಂದಿದ್ದಾರೆ. ಗುಮ್ಮಟದ ಹೊರ ವ್ಯಾಸ 44 ಮೀಟರ್. ಇಷ್ಟೆಲ್ಲ ಕಟ್ಟಿದ್ದು 1627ರಿಂದ 1656ರವರೆಗೆ ಆಳಿದ ಮಹಮ್ಮದ್ ಆದಿಲ್‌ಶಾಹನ ಗೋರಿಗಾಗಿ.

ನಮ್ಮಾಕೆಯನ್ನು ಗೋಡೆಗೆ ಹತ್ತಿರವಾಗಿ ಕೂರಿಸಿ, ಮೊಮ್ಮಗಳನ್ನು ಎದುರು ಬದಿಗೆ ಕಳಿಸಿದೆ. ಅಲ್ಲಿಂದ ಇಲ್ಲಿಗೆ ನೂರಿಪ್ಪತ್ತು ಅಡಿಗೂ ಹೆಚ್ಚು. ಆ ನುಣುಪಾದ ಬಾಗು ಗೋಡೆ ಶಬ್ದವನ್ನು ಚದುರಗೊಡದೆ ತನ್ನ ಬಾಗಿನುದ್ದಕ್ಕೂ ಸಾಗಿಸುತ್ತದೆ. ಹುಡುಗಿ ಗೋಡೆಗೆ ಬಾಯಿ ಹಚ್ಚಿ ಏನೋ ಅಂದಳು. ನನಗೆ ಕೇಳಿಸಿತು, ಆಕೆಗೆ ಇಲ್ಲ. ಇನ್ನೊಂದು ಸಲ ಅನ್ನು ಎಂದು ಕೈ ಮಾಡಿದೆ. ಯಂತ್ರವನ್ನು ಕೊಂಚ ತಿರುಗಿಸಿಕೊಂಡು ಆಕೆ ಗೋಡೆಗೆ ಇನ್ನಷ್ಟು ವಾಲಿದಳು. ಮೂರನೆಯ ಸಲಕ್ಕೆ ಮುಖ ಅರಳಿತು. ‘ಹಸಿವಾಗ್ತಿದೆಯಂತೆ ಕಣ್ರೀ’ ಎಂದಳು. ಆಮೇಲೆ ಅಜ್ಜಿ, ಮೊಮ್ಮಗಳು ಕಾಲು ಗಂಟೆ ಗೋಡೆಯ ಜೊತೆ ಮಾತಾಡಿದರು. ನಡುವೆ ನಾನು ಬಾಯಿ ಹಾಕಲಿಲ್ಲ. ಮೊದಲ ಬಸ್ಸಿನ ಮಕ್ಕಳು ಮೆಟ್ಟಿಲಲ್ಲಿ ಕೇಕೆ ಹಾಕುವುದು ಕೇಳಿಸಿದ ಮೇಲೆಯೇ ಇಳಿದದ್ದು.

ಎರಡನೆಯ ಅಭಿಪ್ರಾಯ: ಗೋಳಗುಮ್ಮಟ ದೊಡ್ಡದು, ಆದರೆ ಚೆಂದ ಎಂದರೆ ಇಬ್ರಾಹಿಂ ರೋಜಾ. ಒಂದೇ ಜಗತಿಯ ಮೇಲೆ ಎದುರುಬದುರಾಗಿ ಗೋರಿ, ಮಸೀದಿ. ಕಿಟಕಿಗಳಲ್ಲಿ ಅಕ್ಷರಗಳನ್ನೇ ಜಾಲರಿಯಾಗಿ ಕೊರೆದ ಕಲ್ಲು. ಎರಡನೆಯ ಇಬ್ರಾಹಿಂ ಆದಿಲ್‌ಶಾಹ ತನ್ನ ರಾಣಿ ತಾಜ್ ಸುಲ್ತಾನಾಳಿಗೆಂದು ಕಟ್ಟಿಸಿದ ಇದರಲ್ಲಿ ಅವನೂ ಮಲಗಿದ್ದಾನೆ. ಸಂಗೀತದ ಹುಚ್ಚಿನ ರಾಜ. ದಖನಿಯಲ್ಲಿ ಅವನು ರಚಿಸಿದ ‘ಕಿತಾಬ್-ಎ-ನವರಸ್’ನಲ್ಲಿ ಸರಸ್ವತಿಯ ಸ್ತುತಿಯಿದೆ. ಜನ ಅವನನ್ನು ಜಗದ್ಗುರು ಎಂದು ಕರೆದರು. ಮಕ್ಕಳಿಗೆ ಯುದ್ಧದ ಇಸವಿಗಳ ಜೊತೆ ಇದನ್ನೂ ಹೇಳಿ.

ಮಲಿಕ್-ಎ-ಮೈದಾನ್ ತೋಪಂತೂ ಮಕ್ಕಳಿಗೆ ಖುಷಿ. 55 ಟನ್ ತೂಕ, ಹದಿನಾಲ್ಕು ಅಡಿ ಉದ್ದ, ಆನೆಯನ್ನು ನುಂಗುತ್ತಿರುವ ಮೃಗದ ಬಾಯಿ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು. ಬತ್ತಿ ಹಚ್ಚಿದವನು ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿನ ತೊಟ್ಟಿಗೆ ಹಾರುತ್ತಿದ್ದನಂತೆ. ‘ಪಾಪ, ನನ್ನ ಹಾಗೆ’ ಎಂದಳು ನಮ್ಮಾಕೆ. ನನಗಂತೂ ಇಷ್ಟವಾದದ್ದು ಲೆಕ್ಕದ ಸಂಗತಿ: 1854ರಲ್ಲಿ ಬ್ರಿಟಿಷರ ಕಾಲದ ಹರಾಜಿನಲ್ಲಿ ಈ ತೋಪು 150 ರೂಪಾಯಿಗೆ ಹೋಗಿತ್ತು! ಪುಣ್ಯಕ್ಕೆ ಹರಾಜು ರದ್ದಾಯಿತು. ಅಂಥ ಬೆಲೆ ಕಟ್ಟಿದ ಗುಮಾಸ್ತನ ಮೇಲೆ ವಿಚಾರಣೆ ನಡೆಯಬೇಕಿತ್ತು.

ಬಾರಾ ಕಮಾನಿಗೆ ಸಂಜೆ ಹೋಗಬೇಕು. ಎರಡನೆಯ ಅಲಿ ಆದಿಲ್‌ಶಾಹನ ಗೋರಿ, ಚಾವಣಿಯೇ ಇಲ್ಲ. ಕಪ್ಪು ಕಲ್ಲಿನ ಕಮಾನುಗಳು ಆಕಾಶಕ್ಕೆ ತೆರೆದು ನಿಂತಿವೆ. ‘ಯಾಕೆ ಮುಗಿಸಲಿಲ್ಲ ತಾತ?’ ಎಂದಳು ಮೊಮ್ಮಗಳು. 1672ರಲ್ಲಿ ರಾಜ ತೀರಿಕೊಂಡ, 1686ರಲ್ಲಿ ಔರಂಗಜೇಬ ಬಂದು ರಾಜ್ಯವೇ ಮುಗಿಯಿತು ಎಂದೆ. ಅವಳಿಗೆ ಅದು ಸಾಕಾಗಲಿಲ್ಲ. ಅಜ್ಜಿಯ ಕಿವಿಯ ಬಳಿ ಹೋಗಿ ಏನೋ ಪಿಸುಗುಟ್ಟಿದಳು. ಇಬ್ಬರೂ ನಕ್ಕರು. ನನಗೆ ಇಬ್ಬರೂ ಹೇಳಲಿಲ್ಲ.

ಹೊರಗೆ ಟಾಂಗಾದವನು ಕಾಯುತ್ತಿದ್ದ. ಖಾನಾವಳಿ ಮುಚ್ಚುವುದರೊಳಗೆ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ತಿನ್ನಬೇಕಿತ್ತು.