ಬೆಂಚಿನ ಮೇಲೆ ಕೂತವರು, ಭಾಗ 6: ಕಾಲು ಮುರಿದ ನಾವಿಕ

ನನ್ನ ಮೊಣಕಾಲಿನ ಕಥೆ ನಿಮಗೆ ಗೊತ್ತೇ ಇದೆ. ಲಿಗಮೆಂಟ್ ಹರಿದು ಕಬಡ್ಡಿ ಟೀಮಿಂದ ಹೊರಗೆ ಬಂದೆ. ಸರ್ ಕೈಗೆ ಸ್ಕೋರ್ ಬುಕ್ ಕೊಟ್ಟು "ಸುಮ್ನೆ ಕೂರೋ ಬದ್ಲು ಇದನ್ನ ಬರಿ" ಅಂದ್ರು. ಅವತ್ತು ಮನೆಗೆ ಬಂದು ಅತ್ತೆ. ಸುಳ್ಳು ಯಾಕೆ ಹೇಳಲಿ.

ಇವತ್ತಿನ ಕಥೆಯೂ ಅಂಥವನೊಬ್ಬನದೇ. ಹೆಸರು ಮ್ಯಾಥ್ಯೂ ಫಾಂಟೇನ್ ಮೋರಿ. (ನಗಬೇಡಿ, ನಮ್ಮ ಬೀದಿ ಮೋರಿ ಅಲ್ಲ!) 1806ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಹುಟ್ಟಿ, 19ನೇ ವಯಸ್ಸಿಗೆ ನೌಕಾಪಡೆ ಸೇರಿ, ಹಡಗಲ್ಲಿ ಜಗತ್ತು ಸುತ್ತಿ ಬಂದವನು. 1839ರಲ್ಲಿ ಪ್ರಯಾಣಿಕರ ಕುದುರೆ ಗಾಡಿ ಮಗುಚಿ ಬಲಗಾಲು ಮುರೀತು. ಸಮುದ್ರದ ಕನಸು ಅಲ್ಲಿಗೆ ಮುಗೀತು. 1842ರಲ್ಲಿ ವಾಷಿಂಗ್ಟನ್ನಿನಲ್ಲಿ ನಕ್ಷೆ, ಉಪಕರಣ ಇಡೋ ಕಚೇರಿಗೆ ಹಾಕಿದ್ರು. ಅಂದ್ರೆ ಟೇಬಲ್ಲು, ಕುರ್ಚಿ.

ಅಲ್ಲಿ ಹಡಗುಗಳ ಹಳೇ ಲಾಗ್‌ಬುಕ್‌ಗಳ ರಾಶಿ ಬಿದ್ದಿತ್ತು. ಗಾಳಿ ಯಾವ ಕಡೆಯಿಂದ, ಪ್ರವಾಹ ಎಷ್ಟು ಜೋರು, ಹಡಗು ಎಲ್ಲಿದೆ ಅಂತ ದಿನಾ ಬರೆದಿಟ್ಟ ಪುಸ್ತಕಗಳು. ಪ್ರಯಾಣ ಮುಗಿದ ಮೇಲೆ ಯಾರಿಗೂ ಬೇಡ. ಮೋರಿ ಅವನ್ನೆಲ್ಲ ತೆಗೆಸಿ, ಯಾವ ತಿಂಗಳು ಎಲ್ಲಿ ಗಾಳಿ ಹೇಗಿರುತ್ತೆ ಅಂತ ಒಟ್ಟುಗೂಡಿಸಿದ. 1847ರಿಂದ ನಕ್ಷೆಗಳು ಹೊರಬಂದವು. ಕ್ಯಾಪ್ಟನ್‌ಗಳಿಗೆ ನಕ್ಷೆ ಫ್ರೀ. ಬದಲಿಗೆ ಅವರು ತಮ್ಮ ಪ್ರಯಾಣದ ಲೆಕ್ಕ ಬರೆದು ಕಳಿಸ್ಬೇಕು, ಅಷ್ಟೇ.

ಆಗ ಪನಾಮಾ ಕಾಲುವೆ ಇರಲಿಲ್ಲ. ನ್ಯೂಯಾರ್ಕಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ದಕ್ಷಿಣ ಅಮೆರಿಕ ಸುತ್ತಿ ಹೋಗ್ಬೇಕು. ಆರು ತಿಂಗಳು ಹಿಡಿಯೋದು ಮಾಮೂಲು. 1851ರಲ್ಲಿ 'ಫ್ಲೈಯಿಂಗ್ ಕ್ಲೌಡ್' ಹಡಗು 89 ದಿನಕ್ಕೆ ತಲುಪಿತು. ದಾರಿ ಲೆಕ್ಕ ಹಾಕಿದ್ದು ಕ್ಯಾಪ್ಟನ್ನಿನ ಹೆಂಡತಿ ಎಲೀನರ್ ಕ್ರೀಸಿ. ಅವಳು ಓದಿಕೊಂಡಿದ್ದು ಮೋರಿ ಕೊಟ್ಟ ಮಾಹಿತಿಯನ್ನ. ಬಿಕಾಂನವರೇ, ಉಳಿದ ದಿನಗಳ ಸಂಬಳ, ಊಟ, ಬಡ್ಡಿ ಎಲ್ಲ ಲೆಕ್ಕ ಹಾಕಿ ನೋಡಿ!

ಇಲ್ಲಿಗೆ ನಿಲ್ಲಿಸಿದ್ರೆ ಕಥೆ ಚೆನ್ನಾಗಿರ್ತಿತ್ತು. ಆದ್ರೆ 1861ರಲ್ಲಿ ಅಂತರ್ಯುದ್ಧ ಶುರುವಾದಾಗ ಮೋರಿ ರಾಜೀನಾಮೆ ಕೊಟ್ಟು, ಗುಲಾಮಗಿರಿ ಉಳಿಸಿಕೊಳ್ಳೋಕೆ ಹೊರಟ ದಕ್ಷಿಣದ ರಾಜ್ಯಗಳ ಕಡೆ ಸೇರಿದ. ಅವರಿಗಾಗಿ ನೀರಿನೊಳಗೆ ಸಿಡಿಯೋ ಮೈನ್‌ಗಳ ಕೆಲಸ ಮಾಡಿದ. ರಿಚ್ಮಂಡ್ ನಗರದಲ್ಲಿದ್ದ ಅವನ ಪ್ರತಿಮೆಯನ್ನ 2020ರಲ್ಲಿ ಕೆಳಗಿಳಿಸಿದ್ರು.

ಇದನ್ನ ಓದಿದಾಗ ನನಗೆ ಸಿಟ್ಟು ಬಂತು. ಈ ಭಾಗ ಬಿಟ್ಟು ಪೋಸ್ಟ್ ಹಾಕ್ಲಾ ಅಂತಲೂ ಯೋಚಿಸ್ದೆ. ಆದ್ರೆ ಅವನೇ ಕಲಿಸಿದ ಪಾಠ ಏನು? ಲಾಗ್‌ಬುಕ್‌ನಲ್ಲಿ ಒಳ್ಳೇ ಗಾಳಿ ಮಾತ್ರ ಬರೆದ್ರೆ ಮುಂದಿನ ಹಡಗು ಮುಳುಗುತ್ತೆ. ಅದಕ್ಕೇ ಎರಡನ್ನೂ ಬರೆದಿದ್ದೀನಿ. ಒಂದರಲ್ಲಿ ಇನ್ನೊಂದನ್ನ ಕಳೆದು ಟ್ಯಾಲಿ ಮಾಡೋಕೆ ಹೋಗಿಲ್ಲ. ನೀವೂ ಮಾಡಬೇಡಿ.

ಹೋದ ವಾರ ನಮ್ಮ ಟೀಮಿನ ಮೂರು ವರ್ಷದ ಸ್ಕೋರ್ ಬುಕ್‌ಗಳನ್ನ ಹುಡುಕಿ ತೆಗೆದೆ. ಸೋತ ಮ್ಯಾಚ್‌ಗಳಲ್ಲಿ ಹೆಚ್ಚಿನವು ಕೈ ತಪ್ಪಿದ್ದು ಕೊನೇ ಐದು ನಿಮಿಷದಲ್ಲಿ. ನಾನು ಆಡಿದ ಮ್ಯಾಚ್‌ಗಳೂ ಅದರಲ್ಲಿವೆ, ನನ್ನ ತಪ್ಪುಗಳೂ ಇವೆ. ಎಲ್ಲ ಪಟ್ಟಿ ಮಾಡಿ ಸರ್‌ಗೆ ತೋರಿಸ್ದೆ. ಅವರು ಏನೂ ಹೇಳಲಿಲ್ಲ. ಪುಸ್ತಕ ಮನೆಗೆ ತಗೊಂಡ್ಹೋದ್ರು.

ಕಾಲು ಇನ್ನೂ ನೋಯ್ತಿದೆ. ನಾಳೆ ಪ್ರಾಕ್ಟೀಸ್‌ಗೆ ಬೇಗ ಹೋಗ್ತೀನಿ.